ಹ್ಯಾಂಬರ್ಗ್‌ನ ದಫ್ತರಗಳಲ್ಲಿ ಉಳಿದ ಮನೆತನಗಳು

ಮನೆತನದ ಬೇರು ಹುಡುಕುವವರಿಗೆ ಹಳ್ಳಿ ಸುಲಭ, ಮಹಾನಗರ ಕಷ್ಟ ಎಂಬುದು ಸಾಮಾನ್ಯ ನಂಬಿಕೆ. ಜರ್ಮನಿಯ ಹಳ್ಳಿಯಲ್ಲಿ ಒಂದೇ ಚರ್ಚು, ಒಂದೇ ರಿಜಿಸ್ಟರು. ಮಗುವಿನ ದೀಕ್ಷಾಸ್ನಾನ, ಮದುವೆ, ಮಣ್ಣು ಎಲ್ಲವೂ ಆ ಒಂದು ಪುಸ್ತಕದಲ್ಲಿ ಸಿಗುತ್ತವೆ. ನಗರದಲ್ಲಾದರೆ ಹತ್ತಾರು ಚರ್ಚುಗಳು, ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವ ಸಂಸಾರಗಳು, ಬೀದಿಗೊಬ್ಬ ಶ್ಮಿಟ್, ಓಣಿಗೊಬ್ಬ ಮೈಯರ್. ಆದರೆ ಉತ್ತರ ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನ ದಾಖಲೆಗಳು ಹೇಗೆ ಹುಟ್ಟಿದವು ಎಂದು ನೋಡಿದರೆ ಈ ನಂಬಿಕೆ ಅರ್ಧ ಸತ್ಯವೆಂದು ತಿಳಿಯುತ್ತದೆ. ಹಳ್ಳಿಗೆ ತನ್ನ ಜನರ ಮುಖಪರಿಚಯ ಇತ್ತು, ಹಾಗಾಗಿ ಹೆಚ್ಚು ಬರೆದಿಡುವ ಅಗತ್ಯ ಬೀಳಲಿಲ್ಲ. ಮುಖಪರಿಚಯ ಇಲ್ಲದ ನಗರಕ್ಕೆ ಕಾಗದವೇ ಗತಿಯಾಯಿತು. ಬಡವರ, ಕೂಲಿಗಳ, ವಲಸೆ ಬಂದವರ ಹೆಸರು ಇಂದಿಗೂ ಉಳಿದಿರುವುದು ಯಾರದೋ ಅಭಿಮಾನದಿಂದಲ್ಲ, ಆಡಳಿತಕ್ಕೆ ಅಪರಿಚಿತರ ಬಗ್ಗೆ ಇದ್ದ ಅಳುಕಿನಿಂದ.

ಮೊದಲು ಇಲ್ಲಿಯೂ ಬರೆಯುತ್ತಿದ್ದದ್ದು ಚರ್ಚೇ. ಸೇಂಟ್ ಪೇತ್ರಿ, ನಿಕೊಲಾಯ್, ಕಥರೀನೆನ್, ಯಾಕೋಬಿ, ಮಿಖಾಯೆಲಿಸ್ ಎಂಬ ಐದು ಪ್ರಧಾನ ಚರ್ಚುಗಳಲ್ಲಿ ಊರಿನ ಹುಟ್ಟುಸಾವುಗಳು ಹಂಚಿಹೋಗಿದ್ದವು. 1811ರಲ್ಲಿ ನೆಪೋಲಿಯನ್ ಈ ನಗರವನ್ನು ಫ್ರೆಂಚ್ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಾಗ ಫ್ರೆಂಚರ ನಾಗರಿಕ ನೋಂದಣಿಯೂ ಜೊತೆಗೆ ಬಂತು. ಅವರು ಹೋದ ಮೇಲೆ ಲೇಖನಿ ಮತ್ತೆ ಪಾದ್ರಿಗಳ ಕೈಗೆ ಮರಳಿತು. 1866ರಲ್ಲಿ ನಗರ ತನ್ನದೇ ನೋಂದಣಿ ಶುರುಮಾಡಿತು. 1876ರ ಜನವರಿ 1ರಿಂದ ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಒಂದೇ ಕಾನೂನು ಬಂತು. ಚರ್ಚಿನ ಹಿಡಿತ ಸಡಿಲಿಸಬೇಕೆಂಬ ಬಿಸ್ಮಾರ್ಕ್ ಕಾಲದ ರಾಜಕೀಯ ಜಗಳವೇ ಇದರ ಹಿನ್ನೆಲೆ. ಫಲ ಸಿಕ್ಕಿದ್ದು ಮಾತ್ರ ಬೇರೆಯವರಿಗೆ. ಮದುವೆಯ ದಾಖಲೆಯಲ್ಲಿ ವಧೂವರರು ಹುಟ್ಟಿದ ಊರು, ಕಸುಬು, ತಂದೆತಾಯಿಯರ ಹೆಸರು ಮತ್ತು ಅವರಿದ್ದ ಸ್ಥಳವನ್ನು ಕಡ್ಡಾಯವಾಗಿ ಬರೆಯತೊಡಗಿದರು. ನಗರಕ್ಕೆ ಬಂದ ಹಡಗುಕಟ್ಟೆಯ ಕೂಲಿ ಯಾವ ಹಳ್ಳಿಯವನು ಎಂಬುದು ಆ ಒಂದು ಹಾಳೆಯಿಂದ ಗೊತ್ತಾಗುತ್ತದೆ. ಅಲ್ಲಿಂದ ಹಳ್ಳಿಯ ಚರ್ಚಿನ ಪುಸ್ತಕಕ್ಕೆ ದಾರಿ ತೆರೆಯುತ್ತದೆ. ಆದ್ದರಿಂದಲೇ ಅನುಭವಿಗಳು ಹುಟ್ಟಿನಿಂದ ಮುಂದಕ್ಕೆ ಹೋಗುವುದಿಲ್ಲ. ಸಾವಿನ ದಾಖಲೆ ಹಿಡಿದು ಮದುವೆಗೆ, ಮದುವೆಯಿಂದ ಹುಟ್ಟಿಗೆ ಹಿಂದೆ ಸರಿಯುತ್ತಾರೆ.

ಎರಡು ನೋಂದಣಿಗಳ ನಡುವಿನ ಬದುಕನ್ನು ತುಂಬಿಕೊಡುವುದು ವಿಳಾಸ ಪುಸ್ತಕಗಳು. 1787ರಿಂದ 1966ರವರೆಗೆ ಹ್ಯಾಂಬರ್ಗ್‌ನಲ್ಲಿ ಪ್ರಕಟವಾದ ಈ ಪುಸ್ತಕಗಳನ್ನು ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯ ಡಿಜಿಟಲ್ ರೂಪಕ್ಕೆ ತಂದಿದೆ. ಇವು ವ್ಯಾಪಾರದ ಅನುಕೂಲಕ್ಕೆ ಅಚ್ಚಾದವು. ಆದರೆ ವರ್ಷವರ್ಷದ ಸಂಪುಟಗಳನ್ನು ಸಾಲಾಗಿ ಓದಿದರೆ ಒಬ್ಬ ಮನುಷ್ಯನ ಏಳುಬೀಳು ಕಣ್ಣಿಗೆ ಕಟ್ಟುತ್ತದೆ. ಬಾಡಿಗೆ ಕೋಣೆಯಲ್ಲಿದ್ದ ಬಡಗಿ ಕೆಲವು ವರ್ಷಗಳ ನಂತರ ಅಂಗಡಿಯ ಮಾಲೀಕನಾಗಿರುತ್ತಾನೆ, ಇಲ್ಲವೇ ಅಂಗಡಿಯವನು ಮತ್ತೆ ಕೂಲಿಗೆ ಇಳಿದಿರುತ್ತಾನೆ. 1883ರಿಂದ ಬಂದರಿನ ದೊಡ್ಡ ಉಗ್ರಾಣಗಳ ಸಾಲು ಷ್ಪೈಖರ್‌ಷ್ಟಾಟ್ ಕಟ್ಟಲು ಸುಮಾರು 20,000 ಜನರನ್ನು ಎಬ್ಬಿಸಲಾಯಿತು. ಅವರ ಬೀದಿಗಳು ನೆಲದ ಮೇಲೆ ಉಳಿಯಲಿಲ್ಲ, ವಿಳಾಸ ಪುಸ್ತಕದಲ್ಲಿ ಉಳಿದಿವೆ. ಈ ಪುಸ್ತಕದ ಕುರುಡುತನವನ್ನೂ ಹೇಳಬೇಕು. ಅದು ಪಟ್ಟಿ ಮಾಡಿದ್ದು ಮುಖ್ಯವಾಗಿ ಮನೆಯ ಯಜಮಾನರನ್ನು. ಎಷ್ಟೋ ಹೆಂಗಸರ ಹೆಸರು ಅದರಲ್ಲಿ ಮೊದಲು ಕಾಣುವುದು ಗಂಡ ತೀರಿಕೊಂಡು ‘ವಿಧವೆ’ಯಾದ ವರ್ಷ. ರಾತ್ರಿ ಮಲಗಲು ಹಾಸಿಗೆಯೊಂದನ್ನಷ್ಟೇ ಬಾಡಿಗೆಗೆ ಪಡೆದ ಕೂಲಿಗಳಿಗೆ ಅಲ್ಲಿ ಜಾಗವೇ ಇಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ನೀಗುವುದು 1892ರಿಂದ 1925ರವರೆಗಿನ ನಿವಾಸಿ ನೋಂದಣಿಯ ಕಾರ್ಡುಗಳು. ಹುಟ್ಟಿದ ದಿನ, ಹುಟ್ಟೂರು, ಹೆಂಡತಿ ಮಕ್ಕಳು, ಒಂದಾದ ಮೇಲೊಂದು ವಿಳಾಸ ಅವುಗಳಲ್ಲಿವೆ. ಯಾರು ಎಲ್ಲಿದ್ದಾರೆಂದು ಆಡಳಿತಕ್ಕೆ ಗೊತ್ತಿರಲಿ ಎಂದು ಬರೆದ ಕಾರ್ಡು ಇಂದು ಮೊಮ್ಮಕ್ಕಳ ಮಕ್ಕಳಿಗೆ ಅದನ್ನೇ ತಿಳಿಸುತ್ತಿದೆ.

ಹ್ಯಾಂಬರ್ಗ್ ಜರ್ಮನರಿಗಷ್ಟೇ ಸೇರಿದ ನೆನಪಲ್ಲ. ಸುಮಾರು 50 ಲಕ್ಷ ಜನ ಈ ಬಂದರಿನಿಂದ ಅಮೆರಿಕ ಮೊದಲಾದ ದೇಶಗಳಿಗೆ ಹಡಗು ಹತ್ತಿದರು. ಪೂರ್ವ ಯುರೋಪಿನಿಂದ ಬಂದವರೂ ಅವರಲ್ಲಿ ಅಪಾರ ಸಂಖ್ಯೆಯಲ್ಲಿದ್ದರು. ಮೊದಲ ಮಹಾಯುದ್ಧದ ಕಾಲವನ್ನು ಬಿಟ್ಟರೆ 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿಗಳು ನಗರದ ಪತ್ರಾಗಾರದಲ್ಲಿ ಉಳಿದಿವೆ. ಹೆಸರು, ವಯಸ್ಸು, ಕಸುಬಿನ ಜೊತೆಗೆ ಎಲ್ಲಿಂದ ಬಂದವರು ಎಂಬುದನ್ನೂ ಅವು ಹೇಳುತ್ತವೆ. ಅಮೆರಿಕದ ಎಷ್ಟೋ ಕಾಗದಗಳಲ್ಲಿ ಬರೇ ‘ಪ್ರಷ್ಯಾ’ ಎಂದು ನಿಂತುಹೋಗುವ ಸುಳಿವು ಇಲ್ಲಿ ಒಂದು ಊರಿನ ಹೆಸರಾಗಿ ಸಿಗುತ್ತದೆ. ಕನ್ನಡಿಗರಿಗೆ ಇದರ ಬೆಲೆ ತಿಳಿಯಲು ಒಂದು ಉದಾಹರಣೆ ಸಾಕು. ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಪೂರ್ವ ಫ್ರೀಸ್‌ಲ್ಯಾಂಡ್‌ನ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದರು, 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು ಎಂಬುದು ನಮಗೆ ಗೊತ್ತು. ಅವರ ಹಿಂದೆ ಕಾಗದಪತ್ರ ಜೋಪಾನ ಮಾಡುವ ಬಾಸೆಲ್ ಮಿಶನ್ ಇತ್ತು, ಮುಂದೆ 1894ರ ಕನ್ನಡ ನಿಘಂಟು ಇತ್ತು. ಅದೇ ಕಾಲದಲ್ಲಿ ಹಡಗಿನ ಕೆಳಅಂತಸ್ತಿನಲ್ಲಿ ಕಡಲು ದಾಟಿದ ದರ್ಜಿಗೆ ಸಂಸ್ಥೆಯೂ ಇರಲಿಲ್ಲ, ಗ್ರಂಥವೂ ಇರಲಿಲ್ಲ. ಅವನ ಜೀವನಚರಿತ್ರೆ ಎಂದರೆ ಹಡಗಿನ ಪಟ್ಟಿಯ ಒಂದು ಸಾಲು.

ಯುದ್ಧದಲ್ಲಿ ಎಲ್ಲ ಸುಟ್ಟುಹೋಗಿದೆಯಲ್ಲ, ಹುಡುಕಿ ಫಲವೇನು ಎಂದು ಕೇಳುವವರಿದ್ದಾರೆ. ಬೆಂಕಿಯ ಮಾತು ಸುಳ್ಳಲ್ಲ. 1842ರ ಮೇ ತಿಂಗಳ ಅಗ್ನಿ ಅನಾಹುತದಲ್ಲಿ ಬೆಂಕಿ ತಡೆಯಲು ಹಳೆಯ ಪುರಭವನವನ್ನೇ ಸಿಡಿಮದ್ದಿಟ್ಟು ಉರುಳಿಸಬೇಕಾಯಿತು. 1943ರ ಜುಲೈ ಕೊನೆಯ ಬಾಂಬ್ ದಾಳಿಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ನಿಕೊಲಾಯ್ ಚರ್ಚಿನ ಪಾಳು ಗೋಪುರ ಇಂದಿಗೂ ಹಾಗೆಯೇ ನಿಂತಿದೆ. ಆದರೆ ನಾಗರಿಕ ನೋಂದಣಿಯ ಕಾನೂನು ಪ್ರತಿ ದಾಖಲೆಗೂ ಎರಡು ಪ್ರತಿ ಬೇಕೆಂದು ವಿಧಿಸಿ, ಎರಡನೆಯದನ್ನು ಬೇರೆ ಕಡೆ ಇಡಿಸಿತ್ತು. ಒಂದು ಕಡೆ ನಾಶವಾದದ್ದು ಇನ್ನೊಂದು ಕಡೆ ಉಳಿಯುವ ಅವಕಾಶ ಈ ಜೋಡಿ ಬರಹದಿಂದ ಹುಟ್ಟಿತು. ಒಂದು ಪುಸ್ತಕ ಇಲ್ಲವೆಂದಾಕ್ಷಣ ಕೈಚೆಲ್ಲಬೇಕಿಲ್ಲ, ಅದರ ಜೋಡಿ ಎಲ್ಲಿದೆ ಎಂದು ಕೇಳಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. ಋಷಿಮೂಲ, ನದೀಮೂಲ ಹುಡುಕಬಾರದು ಎನ್ನುತ್ತೇವೆ. ಜರ್ಮನಿಯಲ್ಲಿ ಮೂಲ ಹುಡುಕಿಸಿದ್ದರಿಂದ ಜೀವಗಳೇ ಹೋಗಿವೆ. 1933ರ ಏಪ್ರಿಲ್‌ನಿಂದ ಸರ್ಕಾರಿ ನೌಕರರು, ಮುಂದೆ ಇನ್ನೂ ಅನೇಕರು, ತಮ್ಮ ಅಜ್ಜಅಜ್ಜಿಯರು ಯಹೂದಿಗಳಲ್ಲ ಎಂದು ಸಾಬೀತು ಮಾಡಬೇಕಾಯಿತು. ಚರ್ಚಿನ ಪುಸ್ತಕಗಳೂ ನೋಂದಣಿ ಕಚೇರಿಗಳೂ ಆ ಪುರಾವೆ ಒದಗಿಸುವ ಯಂತ್ರಗಳಾದವು. ಇದನ್ನು ಮರೆತು ವಂಶವೃಕ್ಷ ಬರೆಯುವವರು ಅರ್ಧ ಚರಿತ್ರೆಯನ್ನಷ್ಟೇ ಬರೆದಂತೆ. ಆದರೂ ಇದರಿಂದ ಹುಡುಕಾಟವೇ ತಪ್ಪು ಎಂದಾಗುವುದಿಲ್ಲ. ಹ್ಯಾಂಬರ್ಗ್‌ನ ಯಹೂದಿ ಸಮುದಾಯ ತನ್ನ ಸದಸ್ಯರಿಂದ ತೆರಿಗೆ ಪಡೆಯಲು ಇಟ್ಟಿದ್ದ ಕಾರ್ಡುಗಳು ಉಳಿದಿವೆ. ಕಲಾವಿದ ಗುಂಟರ್ ಡೆಮ್‌ನಿಗ್ ಆರಂಭಿಸಿದ, ನಾಜಿಗಳಿಗೆ ಬಲಿಯಾದವರ ಮನೆಮುಂದೆ ನೆಲದಲ್ಲಿ ಹುದುಗಿಸುವ ಹಿತ್ತಾಳೆ ಹೊದಿಕೆಯ ಸ್ಮರಣೆಗಲ್ಲುಗಳು ಹ್ಯಾಂಬರ್ಗ್ ಒಂದರಲ್ಲೇ ಆರು ಸಾವಿರಕ್ಕೂ ಹೆಚ್ಚಿವೆ. ಯಾರು ಯಾವ ಬಾಗಿಲಿಂದ ಹೊರಬಿದ್ದರು ಎಂದು ತಿಳಿಯದೆ ಅಂಥ ಕಲ್ಲು ಇಡಲಾಗದು. ತಿಳಿಸುವುದು ಇಂಥ ಕಾರ್ಡುಗಳು ಮತ್ತು ವಿಳಾಸ ಪುಸ್ತಕಗಳೇ. ಹೊರಗಿಡಲು ಮೂಲ ಕೇಳಿದ್ದು ಪಾಪ, ಮರಳಿ ನೆನೆಯಲು ಕೇಳುವುದು ಋಣ. ಬದುಕಿರುವವರ ರಕ್ಷಣೆಗೆ ಕಾನೂನೂ ಇದೆ. 2009ರಿಂದ ಹುಟ್ಟಿನ ದಾಖಲೆ 110, ಮದುವೆಯದು 80, ಸಾವಿನದು 30 ವರ್ಷ ಕಳೆದ ಮೇಲೆಯೇ ಪತ್ರಾಗಾರಕ್ಕೆ ಹೋಗಿ ಎಲ್ಲರಿಗೂ ತೆರೆಯುತ್ತದೆ.

ಈಗ ಎಲ್ಲವೂ ಅಂತರ್ಜಾಲದಲ್ಲಿದೆ, ಹೆಸರು ಒತ್ತಿದರೆ ವಂಶವೇ ಬರುತ್ತದೆ ಎನ್ನುವವರೂ ಇದ್ದಾರೆ. ಹುಡುಕಾಟ ಬಹಳ ಹಗುರವಾಗಿದೆ, ನಿಜ. ಆದರೆ ಹಳೆಯ ಜರ್ಮನ್ ಕೈಬರಹ ಕುರೆಂಟ್ ಓದಲು ಬಾರದವರು ಸೂಚಿಯಲ್ಲಿ ಬೆರಳಚ್ಚಾದ ತಪ್ಪನ್ನೇ ನಂಬಬೇಕಾಗುತ್ತದೆ. ಊರಿನ ಗಡಿ ತಿಳಿಯದವರು ಇರುವ ದಾಖಲೆಯನ್ನೂ ಇಲ್ಲವೆಂದು ತಿಳಿಯುತ್ತಾರೆ. ಇಂದು ಹ್ಯಾಂಬರ್ಗ್‌ನ ಭಾಗವಾದ ಆಲ್ಟೋನಾ 1864ರವರೆಗೆ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿತ್ತು, ಆಮೇಲೆ ಪ್ರಷ್ಯಾಕ್ಕೆ ಸೇರಿತು, ಹ್ಯಾಂಬರ್ಗ್‌ಗೆ ಕೂಡಿದ್ದು 1937ರಲ್ಲಿ. ಅಲ್ಲಿ ನಾಗರಿಕ ನೋಂದಣಿ ಶುರುವಾದದ್ದು ಪ್ರಷ್ಯಾದ ಕಾನೂನಿನಂತೆ 1874ರ ಅಕ್ಟೋಬರ್ 1ರಂದು. 1870ರಲ್ಲಿ ಆಲ್ಟೋನಾದಲ್ಲಿ ಹುಟ್ಟಿದವರನ್ನು ಹ್ಯಾಂಬರ್ಗ್‌ನ 1866ರ ನಂತರದ ರಿಜಿಸ್ಟರುಗಳಲ್ಲಿ ಹುಡುಕಿದರೆ ಬರಿಗೈ. ಆಲ್ಟೋನಾದ ಚರ್ಚಿನ ಪುಸ್ತಕ ತೆರೆದರೆ ಹೆಸರು ಸಿಗಬಹುದು. ಯಂತ್ರ ಪುಟವನ್ನು ತಂದುಕೊಡುತ್ತದೆ, ಯಾವ ಕಾಲದಲ್ಲಿ ಯಾವ ಬೀದಿಗೆ ಯಾರು ಒಡೆಯರು ಎಂಬ ತಿಳಿವಳಿಕೆಯನ್ನು ಹುಡುಕುವವರೇ ಗಳಿಸಬೇಕು.

ಇಷ್ಟಾದರೂ ದಾಖಲೆಗಳು ತಾವಾಗಿಯೇ ಉಳಿಯುವುದಿಲ್ಲ. ಹ್ಯಾಂಬರ್ಗ್‌ನ ಸೋದರ ಬಂದರು ಬ್ರೆಮೆನ್ 1832ರಷ್ಟು ಹಿಂದೆಯೇ ವಲಸಿಗರ ಪಟ್ಟಿ ಇಡಲು ಆಜ್ಞೆ ಮಾಡಿತ್ತು. ಅದೂ ಲಕ್ಷಾಂತರ ಜನರನ್ನು ಕಡಲು ದಾಟಿಸಿದ ಬಂದರು. ಆದರೆ 1875ರಿಂದ 1908ರವರೆಗೆ ಅಲ್ಲಿನ ಕಚೇರಿ ಜಾಗವಿಲ್ಲವೆಂದು ಮೂರು ವರ್ಷಕ್ಕಿಂತ ಹಳೆಯ ಪಟ್ಟಿಗಳನ್ನು ನಾಶಮಾಡುತ್ತ ಬಂತು. ಮಿಕ್ಕವುಗಳಲ್ಲಿ ಬಹುಪಾಲು ಎರಡನೆಯ ಮಹಾಯುದ್ಧದಲ್ಲಿ ಹೋದವು. 1920ರಿಂದ 1939ರ ನಡುವಿನ 2,953 ಪಟ್ಟಿಗಳು ಉಳಿದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರೆಮೆನ್‌ನಿಂದ ಹೊರಟವರ ಹುಟ್ಟೂರು ಹೇಳುತ್ತಿದ್ದ ಪಟ್ಟಿಗಳನ್ನು ಕಸಿದದ್ದು ಬಾಂಬು ಮಾತ್ರವಲ್ಲ, ಕಪಾಟಿನಲ್ಲಿ ಜಾಗವಿಲ್ಲ ಎಂದ ಕಚೇರಿಯ ಒಂದು ತೀರ್ಮಾನವೂ ಹೌದು.