ಅಡುಗೆಮನೆ ದಾಟಿ ಊಟದ ಮನೆಗೆ

ಸಾರಿನ ಪುಡಿಯೋ ರವೆ ಇಡ್ಲಿ ಮಿಕ್ಸೋ, ಎಂ.ಟಿ.ಆರ್. ಪೊಟ್ಟಣ ಒಂದಲ್ಲ ಒಂದು ದಿನ ನಮ್ಮೆಲ್ಲರ ಅಡುಗೆಮನೆಗೂ ಬಂದಿರುತ್ತದೆ. ಆದರೆ ಆ ಪೊಟ್ಟಣ ಹುಟ್ಟಿದ್ದು ಒಂದು ಹೋಟೆಲು ಬಾಗಿಲು ಹಾಕಿದ್ದರಿಂದ ಎಂಬುದು ಎಷ್ಟು ಜನ ಸೋದರಿಯರಿಗೆ ಗೊತ್ತೋ ಕಾಣೆ.

ಇಂದಿನ ಉಡುಪಿ ಜಿಲ್ಲೆಯ ಪಾರಂಪಳ್ಳಿಯಿಂದ ಅಡುಗೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದವರು ಮಯ್ಯ ಸಹೋದರರು. 1924ರಲ್ಲಿ ಪರಮೇಶ್ವರ ಮಯ್ಯರು ಲಾಲ್‌ಬಾಗ್ ಬಳಿ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಸಣ್ಣ ಹೋಟೆಲು ತೆರೆದರು. ಕಾಫಿ, ಇಡ್ಲಿ, ಇಷ್ಟೇ ಶುರು. ಐದೇ ವರ್ಷಕ್ಕೆ ಅವರು ತೀರಿಕೊಂಡರು. ಮುಂದೆ ಅದನ್ನು ಬೆಳೆಸಿದವರು ತಮ್ಮ ಯಜ್ಞನಾರಾಯಣ ಮಯ್ಯರು.

ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಅಕ್ಕಿ ಬರುವುದು ನಿಂತಿತಲ್ಲ, ಆಗ ಇಡ್ಲಿಗೆ ಅಕ್ಕಿ ಎಲ್ಲಿಂದ ತರೋದು? ರವೆಯಲ್ಲೇ ಮಾಡಿ ನೋಡಿದರಂತೆ. ರವೆ ಇಡ್ಲಿ ಹುಟ್ಟಿದ್ದೇ ಹೀಗೆ ಎಂದು ಆ ಮನೆಯವರು ಹೇಳುತ್ತಾರೆ. ರವೆಯನ್ನು ತುಪ್ಪದಲ್ಲಿ ಹದವಾಗಿ ಹುರಿದು, ಸಾಸಿವೆ, ಕರಿಬೇವು, ಗೋಡಂಬಿ ಒಗ್ಗರಣೆ ಕೊಟ್ಟು, ಮೊಸರಿನಲ್ಲಿ ಕಲಸಿ, ಚಿಟಿಕೆ ಸೋಡ ಹಾಕಿ ಬೇಯಿಸಿದರಾಯಿತು. ರುಬ್ಬುವುದೂ ಇಲ್ಲ, ರಾತ್ರಿಯೆಲ್ಲ ಹುದುಗು ಬರಿಸುವುದೂ ಇಲ್ಲ. ಕೊರತೆ ಬಂದಾಗ ಡಬ್ಬದಲ್ಲಿ ಉಳಿದದ್ದರಲ್ಲೇ ಹೊಸದೇನೋ ಮಾಡೋದು ನಮಗೇನು ಹೊಸದೇ!

1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿಬಂದರು. ಅವರ ಮನಸ್ಸಿಗೆ ನಾಟಿದ್ದು ಅಲ್ಲಿಯ ಶುಚಿತ್ವ. ಬಂದವರೇ ಪಾತ್ರೆ, ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. ಇನ್ನೊಂದು ಏರ್ಪಾಡು ನನಗೆ ಬಹಳ ಹಿಡಿಸಿದ್ದು: ಗಿರಾಕಿಗಳು ಅಡುಗೆಮನೆಯನ್ನು ಹಾದೇ ಊಟದ ಮನೆಗೆ ಹೋಗಬೇಕು! ನೆಂಟರು ಬಂದಾಗ ಅಡುಗೆಮನೆ ಬಾಗಿಲನ್ನು ಮೆಲ್ಲನೆ ಮುಂದೂಡುವ ನಮಗೆ, ದಿನವೂ ನೂರಾರು ಜನರ ಎದುರು ಒಲೆ, ಕಟ್ಟೆ ಎಲ್ಲ ತೆರೆದಿಡುವುದು ಎಂಥ ಧೈರ್ಯ ಅಂತ ಗೊತ್ತಾಗುತ್ತದೆ. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಹೊಸ ಕಟ್ಟಡಕ್ಕೆ ಬಂದಾಗ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂಬ ಹೆಸರಾಯಿತು. 1968ರಲ್ಲಿ ಯಜ್ಞನಾರಾಯಣರು ತೀರಿಕೊಂಡ ಮೇಲೆ ಹೊಣೆ ಹೊತ್ತವರು ಹರಿಶ್ಚಂದ್ರ ಮಯ್ಯರು.

ಅವರ ಕಾಲದಲ್ಲೇ ಬಂತು ಕಷ್ಟ. 1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ, ಹೋಟೆಲು ತಿಂಡಿಗಳನ್ನು ಕಡಿಮೆ ದರಕ್ಕೇ ಮಾರಬೇಕೆಂದು ಸರ್ಕಾರದ ಆಜ್ಞೆಯಾಯಿತು. ದರ ಇಳಿದರೆ ಒಳ್ಳೆಯದೇ ತಾನೇ ಎನಿಸಬಹುದು. ಆದರೆ ಮನೆ ನಡೆಸುವವಳು ಲೆಕ್ಕ ಹಾಕಿ ನೋಡಲಿ. ತುಪ್ಪ, ಗೋಡಂಬಿ, ಕಾಫಿಬೀಜ ಅಂಗಡಿಯಲ್ಲಿ ಸೋವಿಯಾಗದೆ ತಟ್ಟೆಯ ಮೇಲಿನ ತಿಂಡಿ ಮಾತ್ರ ಸೋವಿಯಾಗುವುದು ಹೇಗೆ? ತುಪ್ಪಕ್ಕೆ ಬದಲು ಡಾಲ್ಡಾ ಹಾಕಬೇಕು, ಕಾಫಿಗೆ ನೀರು ಬೆರೆಸಬೇಕು. ಅದಾಗದು ಎಂದು ಅವರು ಹಳೆಯ ಹದದಲ್ಲೇ ಮಾಡಿ ಬಡಿಸಿದರು. ದಿನದಿನದ ನಷ್ಟವನ್ನು ಹೊರಗೆ ಬೋರ್ಡಿನ ಮೇಲೆ ಬರೆದು ಹಾಕುತ್ತಿದ್ದರು ಎಂದು ಬೆಂಗಳೂರಿನವರು ಈಗಲೂ ಹೇಳುವುದುಂಟು. ಕೊನೆಗೆ ಹೋಟೆಲನ್ನೇ ಮುಚ್ಚಿದರು.

ಆದರೆ ಅಷ್ಟು ಜನ ಕೆಲಸಗಾರರ ಗತಿ? ಅವರ ಕೈಗೆ ಕೆಲಸ ಬೇಕಲ್ಲ! ಪಕ್ಕದಲ್ಲೇ ಅಂಗಡಿ ತೆರೆದು ಹೋಟೆಲಿನ ಮಸಾಲೆ ಪುಡಿಗಳನ್ನೂ ತಿಂಡಿಯ ಮಿಕ್ಸುಗಳನ್ನೂ ಪೊಟ್ಟಣ ಕಟ್ಟಿ ಮಾರತೊಡಗಿದರು. ಸದಾನಂದ ಮಯ್ಯರು ಅದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದರು. ಪೊಟ್ಟಣದ ಅಡುಗೆ ಸೋಮಾರಿಗಳದ್ದು ಎಂದು ಮೂಗು ಮುರಿಯುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದಾರೆ. ಬೆಳಿಗ್ಗೆ ಏಳಕ್ಕೆ ಮೂರು ಡಬ್ಬಿ ಕಟ್ಟುವವಳನ್ನು ಕೇಳಲಿ!

1984ರಲ್ಲಿ ಹೋಟೆಲು ಮತ್ತೆ ತೆರೆಯಿತು. ಹರಿಶ್ಚಂದ್ರ ಮಯ್ಯರು 1999ರಲ್ಲಿ ತೀರಿಕೊಂಡ ನಂತರ ಮಗಳು ಹೇಮಮಾಲಿನಿ, ತಮ್ಮಂದಿರಾದ ವಿಕ್ರಮ್, ಅರವಿಂದರ ಜೊತೆ ಅದನ್ನು ನಡೆಸಿಕೊಂಡು ಬಂದರು. ಗಂಡಸರದೇ ಎನಿಸಿದ್ದ ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ಮನೆಮಗಳು ವಹಿಸಿಕೊಂಡದ್ದು ನನಗಂತೂ ಹೆಮ್ಮೆಯ ವಿಷಯ. ಸಿಂಗಪುರದಲ್ಲೂ ಶಾಖೆಯಾಯಿತು. 2024ಕ್ಕೆ ನೂರು ವರ್ಷ ತುಂಬಿತು.

ಪೊಟ್ಟಣದ ಕಂಪನಿ ಮಾತ್ರ 2007ರಲ್ಲೇ ನಾರ್ವೆ ದೇಶದ ಒರ್ಕ್ಲಾ ಸಂಸ್ಥೆಗೆ ಮಾರಾಟವಾಯಿತು. ಹೆಸರು ಅದೇ, ಒಡೆಯರು ಬೇರೆ. ಅಂಗಡಿಯಿಂದ ತರುವ ಸಾರಿನ ಪುಡಿ ಆ ಕಂಪನಿಯದು. ಲಾಲ್‌ಬಾಗ್ ರಸ್ತೆಯಲ್ಲಿ ಸಾಗು, ಪುಟ್ಟ ಬಟ್ಟಲಿನ ತುಪ್ಪದ ಜೊತೆ ಬರುವ ರವೆ ಇಡ್ಲಿ ಮಯ್ಯರ ಮನೆಯವರದು.