ಒಂದು ಗ್ರಾಂ ರಬ್ಬರ್, ಐದು ಕಿಲೋ ಭಾರ

ಒಂದು ಎ-4 ಹಾಳೆಯ ವಿಸ್ತೀರ್ಣ 624 ಚದರ ಸೆಂಟಿಮೀಟರ್. ಪೋರ್ಷೆ 911 ಜಿಟಿ3 ಕಾರಿನ ತೂಕ ಸುಮಾರು 1,435 ಕಿಲೋ. ಚಾಲಕ ಹತ್ತಿ ಕೂತರೆ 1,500 ದಾಟಿತು. ಟೈರಿನಲ್ಲಿ 30 ಪಿಎಸ್‌ಐ ಗಾಳಿ ಇದೆ ಅನ್ನೋಣ, ಅಂದರೆ ಚದರ ಸೆಂಟಿಮೀಟರಿಗೆ 2.1 ಕಿಲೋ ಒತ್ತಡ. ತೂಕವನ್ನು ಒತ್ತಡದಿಂದ ಭಾಗಿಸಿ. ನಾಲ್ಕೂ ಟೈರು ಸೇರಿ ನೆಲ ಮುಟ್ಟುವ ಜಾಗ 700 ಚದರ ಸೆಂಟಿಮೀಟರಿನ ಆಸುಪಾಸು. ಒಂದೂಕಾಲು ಹಾಳೆಯೂ ಆಗಲಿಲ್ಲ! 510 ಅಶ್ವಶಕ್ತಿಯ ಎಂಜಿನ್ ಏನೇ ಗುಡುಗಲಿ, ಬ್ರೇಕ್ ಎಷ್ಟೇ ಕೆಂಪಗೆ ಕಾಯಲಿ, ನೆಲದ ಜೊತೆ ಕಾರಿನ ವ್ಯವಹಾರವೆಲ್ಲ ನಡೆಯಬೇಕಾದ್ದು ಇಷ್ಟೇ ಜಾಗದಲ್ಲಿ.

ಈ ಹಾಳೆಯಗಲದ ರಬ್ಬರನ್ನು ನಂಬಿಕೊಂಡು ಇದೇ ಕಾರು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 20.832 ಕಿ.ಮೀ. ಉದ್ದದ ನಾರ್ಡ್‌ಶ್ಲೈಫೆ ಟ್ರ್ಯಾಕನ್ನು 6 ನಿಮಿಷ 59.927 ಸೆಕೆಂಡಿನಲ್ಲಿ ಸುತ್ತಿ ಬಂದಿದೆ. ಬೆಟ್ಟ, ಇಳಿಜಾರು, ಎಪ್ಪತ್ತಕ್ಕೂ ಹೆಚ್ಚು ತಿರುವು, ಎಲ್ಲವನ್ನೂ ಸೇರಿಸಿ ಸರಾಸರಿ ವೇಗ ಗಂಟೆಗೆ 179 ಕಿ.ಮೀ. ಆ ಏಳು ನಿಮಿಷದಲ್ಲಿ ಹಿಂದಿನ ಒಂದೊಂದು ಚಕ್ರವೂ ಸುಮಾರು 9,180 ಸುತ್ತು ಉರುಳಿತು. ಮುಂದಿನ ಚಕ್ರ ತುಸು ಚಿಕ್ಕದು, ಪಾಪ, ಅದಕ್ಕೆ ಇನ್ನೂ 480 ಸುತ್ತು ಹೆಚ್ಚಿನ ದುಡಿಮೆ. ಕಾರು 300 ಕಿ.ಮೀ. ವೇಗ ಮುಟ್ಟಿದರೆ ಹಿಂದಿನ ಚಕ್ರ ಸೆಕೆಂಡಿಗೆ 37 ಸುತ್ತು, ನಿಮಿಷಕ್ಕೆ 2,200 ಸುತ್ತು ತಿರುಗುತ್ತದೆ. ಮನೆಯ ಸೀಲಿಂಗ್ ಫ್ಯಾನು ಐದರಲ್ಲಿಟ್ಟಾಗಲೂ ಇದರ ಆರನೇ ಒಂದು ಪಾಲು ತಿರುಗಿದರೆ ಹೆಚ್ಚು. ಆ ಫ್ಯಾನಿನ ಮೇಲಾದರೋ ಯಾರೂ ಕಾರು ನಿಲ್ಲಿಸಿಲ್ಲ.

ಇದರ ಅಣ್ಣ ಜಿಟಿ3 ಆರ್‌ಎಸ್. ತೂಕ 1,450 ಕಿಲೋ. ಅದು 285 ಕಿ.ಮೀ. ವೇಗದಲ್ಲಿ ಓಡುವಾಗ ಮೈಮೇಲೆ ಹರಿಯುವ ಗಾಳಿಯೇ ಕಾರನ್ನು 860 ಕಿಲೋ ಬಲದಿಂದ ನೆಲಕ್ಕೆ ಒತ್ತುತ್ತದೆ. ಮೈಸೂರು ದಸರೆಯ ಚಿನ್ನದ ಅಂಬಾರಿ 750 ಕಿಲೋ. ಅದನ್ನು ಹೊರುವ ಅಭಿಮನ್ಯು ಐದು ಟನ್ನಿನ ಆಸುಪಾಸಿನ ಆನೆ. ಅರಮನೆಯಿಂದ ಬನ್ನಿಮಂಟಪದವರೆಗಿನ ಐದು ಕಿ.ಮೀ. ದಾರಿಯನ್ನು ರಾಜಗಾಂಭೀರ್ಯದಿಂದ, ಒಂದೊಂದೇ ಹೆಜ್ಜೆಯಿಟ್ಟು ನಡೆಯುತ್ತದೆ. ಈ ಕಾರಿಗೆ ಆನೆಯ ತೂಕದ ಮೂರನೇ ಒಂದು ಪಾಲೂ ಇಲ್ಲ, ಹೊರೆ ಮಾತ್ರ ಅಂಬಾರಿಗಿಂತ ನೂರು ಕಿಲೋ ಜಾಸ್ತಿ, ನಡಿಗೆ ಸೆಕೆಂಡಿಗೆ 79 ಮೀಟರ್. ಜಂಬೂಸವಾರಿಯನ್ನು ಈ ವೇಗದಲ್ಲಿ ನಡೆಸಿದರೆ 63 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ!

ಇನ್ನು ಒಳಗಿನ ಗಾಳಿಯ ವಿಚಾರ. ಟ್ರ್ಯಾಕಿಗೆ ಇಳಿಯುವವರು ಬೆಳಿಗ್ಗೆ ತಣ್ಣಗಿನ ಟೈರಿಗೆ ಬೇಕೆಂದೇ ಗಾಳಿ ಕಡಿಮೆ ಹೊಡೆಸುತ್ತಾರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಪಿಎಸ್‌ಐ ಇಟ್ಟು ಹೊರಟರು ಅನ್ನಿ. ಕೆಲವು ಸುತ್ತು ಹೊಡೆಯುವಷ್ಟರಲ್ಲಿ ಒಳಗಿನ ಗಾಳಿ 80 ಡಿಗ್ರಿಗೆ ಕಾಯುತ್ತದೆ, ಗೇಜ್ ಹಿಡಿದರೆ 32 ತೋರಿಸುತ್ತದೆ. ಪಂಪು ಮುಟ್ಟದೆ 8 ಪಿಎಸ್‌ಐ ಲಾಭ! ಅಷ್ಟರಿಂದ ಏನಾಯಿತು ಎನ್ನುವವರು ಮುಂದಿನ ಲೆಕ್ಕ ನೋಡಿ. ಜಿಟಿ3ಯ ಹಿಂದಿನ ಟೈರಿನ ಪಟ್ಟಿ ಸುಮಾರು 30 ಸೆಂ.ಮೀ. ಅಗಲ, ಒಳಸುತ್ತಳತೆ 2.2 ಮೀಟರ್. 32 ಪಿಎಸ್‌ಐನಲ್ಲಿ ಗಾಳಿ ಆ ಪಟ್ಟಿಯನ್ನು ಹೊರಕ್ಕೆ ದೂಡುವ ಬಲವನ್ನೆಲ್ಲ ಕೂಡಿದರೆ ಹದಿನೈದು ಟನ್ನಿಗೆ ಹತ್ತಿರ. ಅಂದರೆ ಮೂರು ಅಭಿಮನ್ಯು, ಒಂದೇ ಟೈರಿನೊಳಗೆ. ಬಿಸಿಯಿಂದ ಪುಕ್ಕಟೆ ಬಂದ 8 ಪಿಎಸ್‌ಐಯದೇ ಪಾಲು 3.7 ಟನ್. ಪಿಟ್‌ಗೆ ಬಂದವರು ಬಗ್ಗಿ ಕೂತು ವಾಲ್ವ್ ಒತ್ತಿ ‘ಟುಸ್’ ಎಂದು ಒಂದೊಂದೇ ಪಿಎಸ್‌ಐ ಇಳಿಸುವುದು ನೋಡಲು ಚಿಲ್ಲರೆ ಕೆಲಸ. ಆದರೆ ಪ್ರತಿ ‘ಟುಸ್’ಗೂ ಸುಮಾರು 460 ಕಿಲೋ ಇಳಿಯುತ್ತಿರುತ್ತದೆ.

ಸವೆತಕ್ಕೆ ಬರೋಣ. ನಮ್ಮ ನಿಮ್ಮ ಮನೆಯ ಕಾರಿನ ಟೈರು ಸಲೀಸಾಗಿ 40,000 ಕಿ.ಮೀ. ಬಾಳುತ್ತದೆ. ಭೂಮಿಯ ಸುತ್ತಳತೆ 40,075 ಕಿ.ಮೀ.; ಹಾಗಾಗಿ ಪ್ರತಿ ಟೈರೂ ಬೋಳಾಗುವ ಮೊದಲು ಒಂದು ಭೂಪ್ರದಕ್ಷಿಣೆ ಮುಗಿಸಿರುತ್ತದೆ. ಅಷ್ಟರಲ್ಲಿ ಅದು ಉರುಳಿದ್ದು ಎರಡು ಕೋಟಿ ಸುತ್ತು, ಸವೆದದ್ದು ಆರೂವರೆ ಮಿಲಿಮೀಟರಿಗಿಂತ ಕಡಿಮೆ. ಸುತ್ತಿಗೆ ಎಷ್ಟಾಯಿತು? ಒಂದು ಮಿಲಿಮೀಟರಿನ ಮೂವತ್ತು ಲಕ್ಷದಲ್ಲೊಂದು ಪಾಲು. ಎರಡು ಇಂಗಾಲದ ಪರಮಾಣುಗಳನ್ನು ಪಕ್ಕಪಕ್ಕ ಇಟ್ಟಷ್ಟು! ಇಷ್ಟು ಜಿಪುಣತನದಿಂದ ಖರ್ಚಾಗುವ ವಸ್ತು ಮನೆಯಲ್ಲಿ ಇನ್ನೊಂದಿದೆಯೇ ಎಂದು ಹುಡುಕಬೇಕು.

ಟ್ರ್ಯಾಕಿನಲ್ಲಿ ಈ ಜಿಪುಣತನವೆಲ್ಲ ಮಾಯ. 2023ರ ಅಕ್ಟೋಬರ್‌ನಲ್ಲಿ ಕತಾರ್‌ನ ಲುಸೈಲ್‌ನಲ್ಲಿ ಫಾರ್ಮುಲಾ ಒನ್ ಪಂದ್ಯ. ಯಾವ ಟೈರೂ 18 ಸುತ್ತಿಗಿಂತ ಹೆಚ್ಚು ಓಡಕೂಡದು ಎಂದು ಸುರಕ್ಷತೆಗಾಗಿ ಕಟ್ಟಪ್ಪಣೆ ಬಂತು. ಟ್ರ್ಯಾಕಿನ ಉದ್ದ 5.419 ಕಿ.ಮೀ. ಹದಿನೆಂಟರಿಂದ ಗುಣಿಸಿದರೆ 97.5 ಕಿ.ಮೀ. ಬೆಂಗಳೂರಿನಿಂದ ಹೊಸ ಟೈರು ಹಾಕಿಕೊಂಡು ಹೊರಟವರು ಮಂಡ್ಯ ತಲುಪುವ ಹೊತ್ತಿಗೆ ನಾಲ್ಕನ್ನೂ ಬಿಸಾಡಿ, ಬೇರೆ ನಾಲ್ಕು ತೊಡಿಸಬೇಕು. 57 ಸುತ್ತಿನ ಪಂದ್ಯ ಮುಗಿಸಲು ಕಾರಿಗೆ ಕನಿಷ್ಠ 16 ಟೈರು. ಮನೆಯ ಕಾರು ನಾಲ್ಕು ಟೈರಿನಲ್ಲಿ ಮುಗಿಸುವ 40,000 ಕಿ.ಮೀ.ಯನ್ನು ಈ ಲೆಕ್ಕದಲ್ಲಿ ಓಡಿಸಿದರೆ 1,640 ಟೈರು ಬೇಕು. ಆಗ ಹಿಂದಿನ ಟೈರಿನ ಅಗಲ 405 ಮಿ.ಮೀ. ಇತ್ತು, ಮುಂದಿನದು 305. ಒಂದರ ಮೇಲೊಂದು ಮಲಗಿಸಿ ಪೇರಿಸುತ್ತ ಹೋದರೆ 582 ಮೀಟರ್ ಎತ್ತರ. ಮುರ್ಡೇಶ್ವರದ 237 ಅಡಿ ರಾಜಗೋಪುರದ ಮೇಲೆ ಅಂಥವೇ ಇನ್ನೂ ಏಳು ಗೋಪುರ!

ಹಳೆಯ ನಾಲ್ಕು ಬಿಚ್ಚಿ ಹೊಸ ನಾಲ್ಕು ಹಾಕಲು ಎಷ್ಟು ಹೊತ್ತು? ಅದೇ ಕತಾರ್ ಪಂದ್ಯದಲ್ಲಿ ಮೆಕ್‌ಲಾರೆನ್ ತಂಡದವರು ಲ್ಯಾಂಡೋ ನಾರಿಸ್ ಕಾರಿಗೆ ಆ ಕೆಲಸವನ್ನು 1.80 ಸೆಕೆಂಡಿನಲ್ಲಿ ಮುಗಿಸಿದರು. ಪಂಕ್ಚರ್ ಅಂಗಡಿಯ ಹುಡುಗ ಜಾಕ್ ಎಲ್ಲಿದೆ ಎಂದು ಕೇಳಿ ಮುಗಿಸುವುದಕ್ಕೂ ಇದಕ್ಕಿಂತ ಹೆಚ್ಚು ಸಮಯ ಬೇಕು. ಆ ವರ್ಷ ಸಾಮಾನ್ಯ ಫಾರ್ಮುಲಾ ಒನ್ ವಾರಾಂತ್ಯವೊಂದರಲ್ಲಿ ಒಬ್ಬ ಚಾಲಕನಿಗೆ ಒಣ ಟ್ರ್ಯಾಕಿನ 13 ಸೆಟ್ ಸಿಗುತ್ತಿತ್ತು. ಆಗಿನ ಇಪ್ಪತ್ತು ಚಾಲಕರಿಗೆ 1,040 ಟೈರು ಆಯಿತು. ಮಳೆಯ ಟೈರು ಬೇರೆ.

ಆ ಮಳೆಯ ಟೈರಿಗೂ ಒಂದು ಲೆಕ್ಕವಿದೆ. 300 ಕಿ.ಮೀ. ವೇಗದಲ್ಲಿ ಅಂಥ ಒಂದೊಂದು ಟೈರೂ ಸೆಕೆಂಡಿಗೆ 85 ಲೀಟರ್ ನೀರನ್ನು ಪಕ್ಕಕ್ಕೆ ಎರಚಬಲ್ಲದು ಎನ್ನುತ್ತದೆ ತಯಾರಕ ಪಿರೆಲಿ. 20 ಲೀಟರಿನ ಕುಡಿಯುವ ನೀರಿನ ಕ್ಯಾನ್‌ಗಳಲ್ಲಿ ಹೇಳುವುದಾದರೆ ಸೆಕೆಂಡಿಗೆ ನಾಲ್ಕು ತುಂಬಿ ಇನ್ನೂ ಐದು ಲೀಟರ್ ಉಳಿಯಿತು. ಬೆಂಗಳೂರಿನ ಬೇಸಿಗೆಯಲ್ಲಿ ಜನ ಬಾಗಿಲಲ್ಲಿ ಕಾದು ನಿಲ್ಲುವ 6,000 ಲೀಟರಿನ ಟ್ಯಾಂಕರ್ ಇದೆಯಲ್ಲ, ಅದನ್ನು ಒಂಟಿ ಟೈರು 71 ಸೆಕೆಂಡಿನಲ್ಲಿ ಖಾಲಿ ಮಾಡುತ್ತದೆ. ಅಪಾರ್ಟ್‌ಮೆಂಟ್ ಸಂಘದವರು ಈ ಸಾಲನ್ನು ಓದದಿರುವುದೇ ಮೇಲು.

ಸವೆದ ರಬ್ಬರ್ ಎಲ್ಲಿ ಹೋಗುತ್ತದೆ? ಒಂದಷ್ಟು ರಸ್ತೆಗೆ ಅಂಟುತ್ತದೆ, ಒಂದಷ್ಟು ಗೋಲಿಯಂಥ ಉಂಡೆಗಳಾಗಿ ಟ್ರ್ಯಾಕಿನ ಅಂಚಿಗೆ ಸಿಡಿಯುತ್ತದೆ. ಪಂದ್ಯ ಮುಗಿದ ಮೇಲೆ ಚಾಲಕರು ನಿಧಾನವಾಗಿ ಒಂದು ಸುತ್ತು ಬರುತ್ತ, ಬೇಕೆಂದೇ ಆ ಉಂಡೆಗಳ ಮೇಲೆ ಹಾಯ್ದು ರಬ್ಬರನ್ನು ಮತ್ತೆ ಅಂಟಿಸಿಕೊಳ್ಳುತ್ತಾರೆ. ಯಾಕೆಂದರೆ ಮುಂದೆ ತಕ್ಕಡಿ ಕಾದಿರುತ್ತದೆ! 2024ರ ಜುಲೈ 28ರಂದು ಬೆಲ್ಜಿಯಂನ ಸ್ಪಾದಲ್ಲಿ ಜಾರ್ಜ್ ರಸೆಲ್ ಒಂದೇ ಸಲ ಟೈರು ಬದಲಿಸಿ, ಎರಡನೇ ಸೆಟ್‌ನಲ್ಲೇ 34 ಸುತ್ತು, ಅಂದರೆ 238 ಕಿ.ಮೀ. ಎಳೆದು ಮೊದಲಿಗನಾಗಿ ಗೆರೆ ದಾಟಿದ. ತೂಕ ಹಾಕಿದರು. ಇರಬೇಕಾದ್ದು 798 ಕಿಲೋ, ಇದ್ದದ್ದು 796.5. ಗೆಲುವು ಹೋಯಿತು. ಟೈರಿನ ಅತಿಯಾದ ಸವೆತವೂ ಒಂದು ಕಾರಣ ಎಂದು ತಂಡ ಹೇಳಿತು. ಸ್ಪಾ ಪಂದ್ಯದ ಕೊನೆಯಲ್ಲಿ ಪೂರ್ತಿ ಸುತ್ತು ಬರುವ ಪದ್ಧತಿಯಿಲ್ಲ, ಹಾಗಾಗಿ ಉಂಡೆ ಹೆಕ್ಕಲು ದಾರಿಯೂ ಇರಲಿಲ್ಲ. ಒಂದೂವರೆ ಕಿಲೋ ಎಂದರೆ ಸಾವಿರಕ್ಕೆ ಎರಡೂ ಅಲ್ಲ. ತರಕಾರಿ ಅಂಗಡಿಯಲ್ಲಾಗಿದ್ದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಇಷ್ಟಕ್ಕೇ ಬೆರಗಾದವರು ಅಮೆರಿಕದ ಟಾಪ್ ಫ್ಯೂಯಲ್ ಡ್ರ್ಯಾಗ್ ಕಾರುಗಳನ್ನು ನೋಡಬೇಕು. ಅಲ್ಲಿ ತಿರುವೇ ಇಲ್ಲ, ನೆಟ್ಟಗೆ 305 ಮೀಟರ್. ಅದನ್ನು ನಾಲ್ಕು ಸೆಕೆಂಡಿನೊಳಗೆ ಮುಗಿಸಿ, ಕೊನೆಯಲ್ಲಿ ಗಂಟೆಗೆ 540 ಕಿ.ಮೀ. ಮೀರಿದ ದಾಖಲೆ ಇದೆ. ಎಂಜಿನ್ 11,000 ಅಶ್ವಶಕ್ತಿಯದು. ಮುನ್ನೂರು ಮಾರುತಿ 800 ಒಟ್ಟಿಗೆ ನೂಕಿದಷ್ಟು. ಇಷ್ಟನ್ನೂ ನೆಲಕ್ಕೆ ದಾಟಿಸುವ ಹಿಂದಿನ ಟೈರಿನಲ್ಲಿ ಎಷ್ಟು ಗಾಳಿ ಇರಬೇಕು? ನೂರು ಪಿಎಸ್‌ಐ? ಇನ್ನೂರು? ಬರೀ ಏಳು! ಫುಟ್‌ಬಾಲ್ ಪಂದ್ಯದ ಚೆಂಡಿನಲ್ಲಿ ಕನಿಷ್ಠ 8.5 ಪಿಎಸ್‌ಐ ಇರಬೇಕೆಂಬ ನಿಯಮವಿದೆ. ಮುನ್ನೂರು ಕಾರುಗಳ ಶಕ್ತಿ ನಿಂತಿರುವುದು ರೆಫರಿ ಒತ್ತಿ ನೋಡಿ ತಿರಸ್ಕರಿಸುವಂಥ ಮೆತ್ತನೆಯ ಗಾಳಿಯ ಮೇಲೆ. ಏಳೆಂಟು ಓಟ ಕಂಡರೆ ಆ ಟೈರಿನ ಆಯುಷ್ಯ ಮುಗಿಯಿತು. ಓಟದ ಲೆಕ್ಕದಲ್ಲಿ ಎರಡೂವರೆ ಕಿ.ಮೀ. ಬೆಂಗಳೂರು ದಾಟುವುದಿರಲಿ, ಮೆಜೆಸ್ಟಿಕ್‌ನಿಂದ ಹೊರಟರೆ ಲಾಲ್‌ಬಾಗ್‌ವರೆಗೂ ಸಾಲದು.

ಈಗ ಹಿಂದೆ ಬಿಟ್ಟ ಒಂದು ಲೆಕ್ಕ. ಗಿರಗಿರನೆ ತಿರುಗುವ ಟೈರಿನ ರಬ್ಬರ್ ಸಿಡಿದು ಹೋಗಲು ಹವಣಿಸುತ್ತಲೇ ಇರುತ್ತದೆ. 911 ಜಿಟಿ3 ಕಾರು 300 ಕಿ.ಮೀ. ವೇಗದಲ್ಲಿದ್ದಾಗ ಹಿಂದಿನ ಟೈರಿನ ಹೊರಮೈಯಲ್ಲಿರುವ ಒಂದು ಗ್ರಾಂ ರಬ್ಬರ್ ಹತ್ತಿರ ಹತ್ತಿರ ಎರಡು ಕಿಲೋ ತೂಕದಂತೆ ಹೊರಕ್ಕೆ ಜಗ್ಗುತ್ತದೆ. ವೇಗ ದುಪ್ಪಟ್ಟಾದರೆ ಈ ಜಗ್ಗಾಟ ನಾಲ್ಕು ಪಟ್ಟು. ಬುಗಾಟಿ ವೇರಾನ್ ಕಾರಿನ ಬಗ್ಗೆ ಒಂದು ಪ್ರಸಿದ್ಧ ಮಾತಿದೆ: ಗರಿಷ್ಠ ವೇಗದಲ್ಲಿ ಓಡಿಸುತ್ತಲೇ ಇದ್ದರೆ ಟೈರು ಹದಿನೈದೇ ನಿಮಿಷ ತಾಳುತ್ತದೆ, ಆದರೆ ಹೆದರಬೇಕಿಲ್ಲ, ಹನ್ನೆರಡನೇ ನಿಮಿಷಕ್ಕೇ ಪೆಟ್ರೋಲ್ ಖಾಲಿ.

ಅದರ ತಮ್ಮ ಷಿರಾನ್ ಸೂಪರ್ ಸ್ಪೋರ್ಟ್ 300+. 2019ರ ಆಗಸ್ಟ್ 2ರಂದು ಜರ್ಮನಿಯ ಏರಾ-ಲೆಸ್ಸಿನ್ ಟ್ರ್ಯಾಕಿನಲ್ಲಿ ಆ್ಯಂಡಿ ವಾಲೇಸ್ ಅದನ್ನು ಗಂಟೆಗೆ 490.484 ಕಿ.ಮೀ. ವೇಗಕ್ಕೆ ಏರಿಸಿದ. ಚಕ್ರ ಸೆಕೆಂಡಿಗೆ 61 ಸುತ್ತು. ಭೂಮಿಯ ಸೆಳೆತದ 5,300 ಪಟ್ಟು ಜಗ್ಗಾಟ. ಒಂದು ಗ್ರಾಂ ರಬ್ಬರಿಗೆ 5.3 ಕಿಲೋ, ಕಿಲೋ ರಬ್ಬರಿಗೆ 5.3 ಟನ್. ಅಂದರೆ ಟೈರಿನ ಹೊರಪಟ್ಟಿಯ ಒಂದೊಂದು ಕಿಲೋವನ್ನೂ ಒಬ್ಬೊಬ್ಬ ಅಭಿಮನ್ಯು ಹಿಡಿದು ಹೊರಕ್ಕೆ ಎಳೆಯುತ್ತಿದ್ದಾನೆ! ಟೈರಿನೊಳಗೆ ಎಲ್ಲಾದರೂ ಕೂದಲೆಳೆಯ ದೋಷ ಉಳಿದಿದ್ದರೆ ಎಂಬ ಭಯಕ್ಕೆ ಒಂದೊಂದನ್ನೂ ಎಕ್ಸ್‌ರೇ ತೆಗೆದು ನೋಡಿಯೇ ತೊಡಿಸಿದ್ದರಂತೆ.

ಇದಕ್ಕೂ ಮೇಲೆ ಹೋದವರಿದ್ದಾರೆ. 1997ರ ಅಕ್ಟೋಬರ್ 15ರಂದು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಆ್ಯಂಡಿ ಗ್ರೀನ್ ಎರಡು ಜೆಟ್ ಎಂಜಿನ್‌ಗಳ ಥ್ರಸ್ಟ್ ಎಸ್‌ಎಸ್‌ಸಿಯನ್ನು 1,227.985 ಕಿ.ಮೀ. ವೇಗದಲ್ಲಿ, ಶಬ್ದವನ್ನೂ ಹಿಂದೆ ಹಾಕಿ ಓಡಿಸಿದ. ಷಿರಾನ್‌ನ ಟೈರನ್ನೇ ಆ ವೇಗಕ್ಕೆ ತಿರುಗಿಸಿದ್ದರೆ ಒಂದು ಗ್ರಾಂ ರಬ್ಬರಿಗೆ 33 ಕಿಲೋ, ಒಂದು ಕಿಲೋಗೆ ಆರು ಆನೆ ಮೀರಿದ ಎಳೆತ. ಅಷ್ಟು ಆನೆಗಳ ಜೊತೆ ಜಗ್ಗಾಡುವ ಉಸಾಬರಿಯೇ ಬೇಡವೆಂದು ಆ ತಂಡ ರಬ್ಬರನ್ನು ಬಿಟ್ಟೇಬಿಟ್ಟಿತು. ಥ್ರಸ್ಟ್‌ನ ಚಕ್ರಗಳು ಗಟ್ಟಿ ಅಲ್ಯೂಮಿನಿಯಂ. ಗಾಳಿಯ ಒತ್ತಡ: ಸೊನ್ನೆ ಪಿಎಸ್‌ಐ.