ಹೆಸರುಳಿದು ಹುರುಳಳಿದ ಸಭೆಗಳು

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಅದಕ್ಕೆ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿರುವುದು ವಿದ್ವಜ್ಜನರಿಗೆ ವಿದಿತವಾದುದೇ ಆಗಿದೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಆ ಅಕ್ಷರಗಳನ್ನು ಬಂಡೆಯ ಮೇಲೆ ಕಂಡರಿಸುತ್ತಿದ್ದ ಕಾಲಕ್ಕೆ ದೂರದ ಪಡುವಣ ರೋಮ್ ನಗರದಲ್ಲಿ ಅರಸನೆಂಬವನೇ ಇರಲಿಲ್ಲ. ಅಲ್ಲಿ ಗಣರಾಜ್ಯವು ತನ್ನ ತಾರುಣ್ಯದಲ್ಲಿತ್ತು. ಮುಂದೆ ಆ ಗಣರಾಜ್ಯ ಅಳಿಯಿತು. ಕನ್ನಡ ನಾಡಿನಲ್ಲಿಯೂ ಊರಾಳ್ಕೆಯ ಸಭೆಗಳು ಹುಟ್ಟಿ, ಬೆಳೆದು, ಬಾಡಿದವು. ಕಾಲ, ದೇಶ, ಗಾತ್ರಗಳಲ್ಲಿ ಇವೆರಡಕ್ಕೂ ಅಜಗಜಾಂತರ ಉಂಟು. ಆದರೆ ಅಳಿದ ಬಗೆಯಲ್ಲಿ ಮಾತ್ರ ಒಂದು ಸಾಮ್ಯವಿದೆ. ಆ ಸಾಮ್ಯವನ್ನು ಅರಿಯುವುದು ಸಂಸ್ಥೆಗಳನ್ನು ಕಟ್ಟುವವರಿಗೂ ನಡೆಸುವವರಿಗೂ ಹಿತಕರವಾದುದು.

ರೋಮನರ ಸಂಪ್ರದಾಯದಂತೆ ಕ್ರಿ.ಪೂ. 509ರಲ್ಲಿ ಅವರು ತಮ್ಮ ಕೊನೆಯ ಅರಸನನ್ನು ಹೊರದೂಡಿದರು. ಅಂದಿನಿಂದ ವರ್ಷಕ್ಕೊಮ್ಮೆ ಇಬ್ಬರು ಕಾನ್ಸಲರನ್ನು ಆರಿಸುವ ಪದ್ಧತಿ ಬಂದಿತು. ಒಬ್ಬನ ನಿರ್ಣಯವನ್ನು ಇನ್ನೊಬ್ಬನು ತಡೆಯಬಹುದಿತ್ತು. ಹಿರಿಯರ ಸಭೆಯಾದ ಸೆನೆಟ್ ಸಲಹೆ ನೀಡುತ್ತಿತ್ತು. ಸಾಮಾನ್ಯರ ಪರವಾಗಿ ಟ್ರಿಬ್ಯೂನರು ನಿಲ್ಲುತ್ತಿದ್ದರು. ನಾಡಿಗೆ ಮಹಾವಿಪತ್ತು ಒದಗಿದಾಗ ಮಾತ್ರ ಒಬ್ಬನ ಕೈಗೆ ಸರ್ವಾಧಿಕಾರ ಕೊಡುವ ರೂಢಿಯಿತ್ತು. ಅದಕ್ಕೂ ಆರು ತಿಂಗಳ ಮಿತಿಯಿತ್ತು. ಅಧಿಕಾರವು ಒಬ್ಬನಲ್ಲಿ ನೆಲೆಗೊಳ್ಳಬಾರದು, ಬಹುಕಾಲ ನೆಲೆಗೊಳ್ಳಬಾರದು ಎಂಬುದೇ ಆ ವ್ಯವಸ್ಥೆಯ ಜೀವಾಳವಾಗಿತ್ತು.

ಕ್ರಿ.ಪೂ. 146ರಲ್ಲಿ ಕಾರ್ಥೇಜ್ ನಾಶವಾದ ತರುವಾಯ ಗೆದ್ದ ನಾಡುಗಳ ಐಶ್ವರ್ಯವೂ ಗುಲಾಮರೂ ಕೆಲವೇ ಮನೆತನಗಳ ಪಾಲಾದರು. ಸಣ್ಣ ಒಕ್ಕಲು ನೆಲ ಕಳೆದುಕೊಂಡಿತು. ಭೂಮಿಯನ್ನು ಹಂಚಲು ಹೊರಟ ಟೈಬೀರಿಯಸ್ ಗ್ರಾಕಸನನ್ನು ಕ್ರಿ.ಪೂ. 133ರಲ್ಲಿ ಸೆನೆಟಿನ ಸದಸ್ಯರೇ ಮುಂದಾಗಿ ಕೊಲ್ಲಿಸಿದರು. ಕ್ರಿ.ಪೂ. 107ರಲ್ಲಿ ಮಾರಿಯಸ್ ಎಂಬ ದಂಡನಾಯಕನು ನೆಲವಿಲ್ಲದವರನ್ನು ಸೈನ್ಯಕ್ಕೆ ಸೇರಿಸಿದನು. ಅಂತಹ ಸೈನಿಕರು ತಮ್ಮ ಮುಂದಿನ ಬಾಳಿಗಾಗಿ ನಾಡಿನತ್ತ ನೋಡದೆ ನಾಯಕನತ್ತ ನೋಡತೊಡಗಿದರು. ಕ್ರಿ.ಪೂ. 88ರಲ್ಲಿ ಸುಲ್ಲಾ ತನ್ನ ಸೈನ್ಯವನ್ನು ರೋಮಿನ ಮೇಲೆಯೇ ನಡೆಸಿದನು. ಬಳಿಕ ಆರು ತಿಂಗಳ ಮಿತಿಯನ್ನು ತೆಗೆದು ಸರ್ವಾಧಿಕಾರಿಯಾದನು. ಆ ದಾರಿಯಲ್ಲೇ ಬಂದ ಜೂಲಿಯಸ್ ಸೀಸರನು ಕ್ರಿ.ಪೂ. 44ರಲ್ಲಿ ಯಾವಜ್ಜೀವ ಸರ್ವಾಧಿಕಾರಿ ಎನಿಸಿಕೊಂಡು, ಅದೇ ವರ್ಷ ಹತನಾದನು.

ಸೀಸರನನ್ನು ಕೊಂದವರು ಗಣರಾಜ್ಯವನ್ನು ಉಳಿಸಿದೆವೆಂದು ಭ್ರಮಿಸಿದರು. ಆದರೆ ಅವನ ದತ್ತಪುತ್ರನಾದ ಆಕ್ಟೇವಿಯನನು ಅವನಿಗಿಂತ ಜಾಣನಾಗಿದ್ದನು. ಕ್ರಿ.ಪೂ. 27ರಲ್ಲಿ ತಾನು ಎಲ್ಲ ಅಧಿಕಾರವನ್ನೂ ಸೆನೆಟಿಗೂ ಜನಕ್ಕೂ ಹಿಂದಿರುಗಿಸಿದೆನೆಂದು ಸಾರಿದನು. ಸೆನೆಟ್ ಅವನಿಗೆ ಆಗಸ್ಟಸ್ ಎಂಬ ಬಿರುದನ್ನಿತ್ತಿತು. ಸಭಾಮಂದಿರಕ್ಕೆ ಬೀಗ ಬೀಳಲಿಲ್ಲ. ಕಾನ್ಸಲರ ನೇಮಕ ನಿಲ್ಲಲಿಲ್ಲ. ಆ ಹೆಸರಿನ ಪದವಿಯಾದರೋ ಮುಂದೆಯೂ ಐನೂರು ವರ್ಷಗಳಿಗೂ ಮಿಗಿಲಾಗಿ, ಕ್ರಿ.ಶ. 541ರವರೆಗೆ, ನಡೆದುಬಂದಿತು. ಆದರೆ ಸೈನ್ಯ, ಬೊಕ್ಕಸ ಮತ್ತು ಸಿರಿವಂತ ಪ್ರಾಂತಗಳು ಒಬ್ಬನ ಅಂಕೆಯಲ್ಲಿದ್ದವು. ಗಣರಾಜ್ಯವನ್ನು ಯಾರೂ ರದ್ದು ಮಾಡಲಿಲ್ಲ. ಅದರ ಕೆಲಸವನ್ನು ಬೇರೊಬ್ಬನು ಮಾಡತೊಡಗಿದನು, ಅಷ್ಟೇ.

ಇನ್ನು ಕನ್ನಡ ನಾಡಿನತ್ತ ತಿರುಗಬಹುದು. ಇಲ್ಲಿ ಅರಸನಿಲ್ಲದ ದೊಡ್ಡ ರಾಜ್ಯವಿರಲಿಲ್ಲ. ಆದರೆ ಅರಸನ ನೆರಳಿನಲ್ಲಿಯೇ ಊರು, ನಾಡು, ನಗರಗಳು ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುತ್ತಿದ್ದುದಕ್ಕೆ ಶಾಸನಗಳು ಸಾಕ್ಷಿಯಾಗಿವೆ. ಅಗ್ರಹಾರಗಳಲ್ಲಿ ಮಹಾಜನರು, ವ್ಯಾಪಾರದ ಪಟ್ಟಣಗಳಲ್ಲಿ ನಗರ ಎಂಬ ವಣಿಕರ ಸಭೆ, ಒಕ್ಕಲ ಊರುಗಳಲ್ಲಿ ಗಾವುಂಡರು, ದೇಶಾಂತರಗಳಿಗೆ ಹೋಗುತ್ತಿದ್ದ ವರ್ತಕರಿಗೆ ಅಯ್ಯಾವೊಳೆಯ ಐನೂರ್ವರು: ಹೀಗೆ ಹಲವು ಬಗೆಯ ಸಮುದಾಯಗಳಿದ್ದವು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಆಚಾರವ್ಯವಸ್ಥೆಯೊಂದನ್ನು ಕಟ್ಟಿಕೊಟ್ಟನು. ಪಟ್ಟಣದವರು ಕೊಡತಕ್ಕ ತೆರಿಗೆಯನ್ನು ಮನೆಮನೆಯ ಶಕ್ತಿಗನುಸಾರ ನಿಗದಿಪಡಿಸಿದ್ದಲ್ಲದೆ, ರಾಜಪುರುಷರು ಪಾಲಿಸತಕ್ಕ ಕಟ್ಟಳೆಗಳನ್ನೂ ಆ ಶಾಸನ ಹೇಳುತ್ತದೆ. ಪ್ರಜೆಯ ಕರ್ತವ್ಯವನ್ನು ಹೇಳುವ ಕಲ್ಲೇ ಅಧಿಕಾರಿಯ ಮಿತಿಯನ್ನೂ ಹೇಳಿತೆಂಬುದು ಗಮನಾರ್ಹ.

ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲೊಂದೆಂದು ಕೊಪಣವನ್ನು ಹೆಸರಿಸಿದೆ. ಆ ಕೊಪಣದ ಸುತ್ತಣ ಸೀಮೆಯಲ್ಲಿ ಇಂತಹ ಸಭೆಗಳು ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಲವಾಗಿದ್ದವು. ನವಲಿಂಗ, ಕಲ್ಲೇಶ್ವರ ಗುಡಿಗಳಿಂದ ಪ್ರಸಿದ್ಧವಾದ ಕುಕನೂರು ದೊಡ್ಡ ಅಗ್ರಹಾರವಾಗಿತ್ತು. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ದೇವಾಲಯ ಚಕ್ರವರ್ತಿ ಎಂದು ಕೀರ್ತಿಗೊಂಡ ಗುಡಿಯನ್ನು ಕಟ್ಟಿಸಿದ ಇಟಗಿಯೂ ಅಗ್ರಹಾರವೇ. ಎರಂಬರಗೆ ಎಂಬ ಹಳೆಯ ಹೆಸರಿನ ಯಲಬುರ್ಗಾದಲ್ಲಿ ಸಿಂದ ಮನೆತನದವರು ಮಹಾಮಂಡಲೇಶ್ವರರಾಗಿ ಆಳುತ್ತಿದ್ದರು. ಆಳುವ ಮಾಂಡಲಿಕನು ಹತ್ತಿರದಲ್ಲಿಯೇ ಇದ್ದರೂ ಅಗ್ರಹಾರದ ಒಳಗಿನ ವ್ಯವಹಾರ ಮಹಾಜನರದಾಗಿತ್ತು.

ಆ ಕಾಲದ ದಾನಶಾಸನಗಳ ಕ್ರಮವನ್ನು ನೋಡಿದರೆ ಸಭೆಯ ಸ್ಥಾನ ಮನದಟ್ಟಾಗುತ್ತದೆ. ದಾನಿಯು ಎಷ್ಟೇ ದೊಡ್ಡ ಅಧಿಕಾರಿಯಾಗಿದ್ದರೂ ಮಹಾಜನರ ಕಾಲು ತೊಳೆದು ಭೂಮಿಯನ್ನು ಧಾರೆಯೆರೆಯುತ್ತಿದ್ದನು. ಆ ಭೂಮಿಯ ಎಲ್ಲೆ ಯಾವುದು, ಅದರ ಆಯದಲ್ಲಿ ದೀಪಕ್ಕೆಷ್ಟು, ಪೂಜೆಗೆಷ್ಟು, ಓದುವ ಮಕ್ಕಳಿಗೆಷ್ಟು, ಕೆರೆಯ ದುರಸ್ತಿಗೆಷ್ಟು ಎಂಬುದನ್ನು ಕಲ್ಲಿನ ಮೇಲೆ ಬರೆಯಿಸಲಾಗುತ್ತಿತ್ತು. ನಡೆಸುವ ಹೊಣೆ ಸಭೆಯದು. ಓದಿ ಪ್ರಶ್ನಿಸುವ ಅವಕಾಶ ಕಲ್ಲಿನೆದುರು ನಿಂತವನದು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ಪರಾಂತಕನ ಕಾಲದ 919 ಮತ್ತು 921ರ ಶಾಸನಗಳು ಇನ್ನೂ ಮುಂದೆ ಹೋಗಿ, ವಾರಿಯ ಸದಸ್ಯರನ್ನು ಚೀಟಿಯೆತ್ತಿ ಆರಿಸಬೇಕೆಂದೂ, ಲೆಕ್ಕವನ್ನೊಪ್ಪಿಸದವನು ಮಾತ್ರವಲ್ಲ ಅವನ ಬಂಧುಗಳೂ ಸದಸ್ಯತ್ವಕ್ಕೆ ಅನರ್ಹರೆಂದೂ ವಿಧಿಸಿದವು.

ಇಷ್ಟರಿಂದ ಅವನ್ನು ಇಂದಿನ ಪ್ರಜಾಪ್ರಭುತ್ವವೆಂದು ಕೊಂಡಾಡುವುದು ಸಲ್ಲದು. ಮಹಾಜನರ ಸಭೆ ಬ್ರಾಹ್ಮಣರದಾಗಿತ್ತು. ಹೊಲವನ್ನು ಉತ್ತವನಿಗೆ ಅಲ್ಲಿ ಆಸನವಿರಲಿಲ್ಲ, ಹೆಣ್ಣುಮಕ್ಕಳಿಗೂ ಇರಲಿಲ್ಲ. ರೋಮಿನ ಗಣರಾಜ್ಯವೂ ಗುಲಾಮರ ಬೆನ್ನಿನ ಮೇಲೆ ನಿಂತದ್ದೇ. ಸಭೆಯ ಬಾಗಿಲು ಕಿರಿದಾಗಿದ್ದುದರಿಂದಲೇ, ಅದು ಬೀಳುವ ಹೊತ್ತಿಗೆ ಅದಕ್ಕಾಗಿ ಮರುಗುವವರೂ ಕಡಿಮೆಯಾಗಿದ್ದರು ಎಂದು ಊಹಿಸಲು ಎಡೆಯಿದೆ.

ಈ ಸಭೆಗಳು ಕ್ಷೀಣಿಸಿದ್ದು ಒಂದು ದಿನದಲ್ಲಲ್ಲ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ದೆಹಲಿಯ ಸುಲ್ತಾನರ ದಂಡು ಗಂಗಾವತಿ ಸೀಮೆಯ ಕುಮ್ಮಟದುರ್ಗದವರೆಗೂ ಬಂದಿತು. ಕಂಪಿಲಿಯ ರಾಜ್ಯ ಅಳಿಯಿತು. ಬಳಿಕ ತುಂಗಭದ್ರೆಯ ಎರಡೂ ದಡಗಳಲ್ಲಿ, ಆನೆಗೊಂದಿಯನ್ನೊಳಗೊಂಡು, ವಿಜಯನಗರ ಸಾಮ್ರಾಜ್ಯ ತಲೆಯೆತ್ತಿತು. ನಿರಂತರ ಯುದ್ಧದ ಆ ಕಾಲಕ್ಕೆ ಸದಾ ಸಿದ್ಧವಾದ ಸೈನ್ಯ ಬೇಕಾಗಿತ್ತು. ಅದಕ್ಕಾಗಿ ಸೀಮೆಗಳನ್ನು ನಾಯಕರಿಗೆ ಕೊಟ್ಟು, ಅವುಗಳ ಉತ್ಪತ್ತಿಯಿಂದ ಸೈನ್ಯವನ್ನು ಸಾಕಿ ಉಳಿದುದರಲ್ಲಿ ಅರಮನೆಗೆ ಪಾಲು ಸಲ್ಲಿಸುವ ನಾಯಂಕರ ಪದ್ಧತಿ ಬೆಳೆಯಿತು. ಕನಕಗಿರಿಯ ನಾಯಕರು ಈ ಭಾಗದವರೇ. ಊರಿನ ತೆರಿಗೆ ಸಭೆಯ ಕೈ ಬಿಟ್ಟು ನಾಯಕನ ಕೈ ಸೇರಿತು. ಊರ ಕೆಲಸವನ್ನು ವಂಶಪಾರಂಪರ್ಯದ ಗೌಡ, ಕುಲಕರ್ಣಿ ಮೊದಲಾದ ಆಯಗಾರರು ವಹಿಸಿಕೊಂಡರು. ಮಹಾಜನರ ಹೆಸರು ಶಾಸನಗಳಿಂದ ಒಮ್ಮೆಲೇ ಮಾಯವಾಗಲಿಲ್ಲ. ಸಾಕ್ಷಿಯಾಗಿ, ಗೌರವಕ್ಕಾಗಿ ಅದು ಬರುತ್ತಲೇ ಇತ್ತು. ನಿರ್ಣಯಿಸುವವರ ಸಾಲಿನಿಂದ ಮಾತ್ರ ಅದು ಹಿಂದೆ ಸರಿಯಿತು.

ಹೆಸರನ್ನುಳಿಸಿ ಹುರುಳನ್ನು ಕೊಂಡೊಯ್ಯುವ ಆ ಕ್ರಮ ಊರಿಗಷ್ಟೇ ನಿಲ್ಲದೆ ಸಿಂಹಾಸನವನ್ನೂ ಮುಟ್ಟಿತು. 1542ರಲ್ಲಿ ಅಚ್ಯುತರಾಯನು ತೀರಿಕೊಂಡ ಮೇಲೆ ನಡೆದ ಕಲಹದಲ್ಲಿ ಅಳಿಯ ರಾಮರಾಯನು ಗೆದ್ದು ಸದಾಶಿವರಾಯನನ್ನು ಪಟ್ಟಕ್ಕೇರಿಸಿದನು. ಶಾಸನಗಳು ಸದಾಶಿವರಾಯನ ಹೆಸರಿನಲ್ಲಿಯೇ ಹೊರಟವು. ಆಳ್ಕೆ ಮಾತ್ರ ರಾಮರಾಯನದೂ ಅವನ ಸೋದರರಾದ ತಿರುಮಲ, ವೆಂಕಟಾದ್ರಿಯರದೂ ಆಗಿತ್ತು. 1565ರ ಯುದ್ಧದಲ್ಲಿ ರಾಮರಾಯನು ಮಡಿದಾಗ ನಾಡನ್ನು ಎತ್ತಿ ಹಿಡಿಯಬಲ್ಲ ಬೇರೊಂದು ಕೇಂದ್ರವೇ ರಾಜಧಾನಿಯಲ್ಲಿ ಉಳಿದಿರಲಿಲ್ಲ. ಎಲ್ಲವನ್ನೂ ಒಬ್ಬನೇ ಹೊತ್ತರೆ ಅವನು ಬಿದ್ದಂದು ಎಲ್ಲವೂ ಬೀಳುತ್ತದೆ.

ಮುಂದೆ ಬಿಜಾಪುರದ ಆದಿಲಶಾಹಿ, ತರುವಾಯ ಹೈದರಾಬಾದಿನ ನಿಜಾಮರ ಆಳ್ಕೆಯಲ್ಲಿ ದೇಸಾಯಿ, ಜಹಗೀರದಾರರು ಮುನ್ನೆಲೆಗೆ ಬಂದರು. ಕೊಪ್ಪಳವು ಸಾಲಾರಜಂಗ್ ಮನೆತನದ ಜಹಗೀರಾಗಿತ್ತು. ಅಂದಿನ ರೈತನಿಗೆ ಲೆಕ್ಕವನ್ನು ಕೊಡುವುದು ಗೊತ್ತಿತ್ತು. ಕೇಳುವುದು ತನಗೆ ಸಲ್ಲತಕ್ಕದ್ದೆಂಬುದು ಮರೆತುಹೋಗಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ಕೆ ಕೊನೆಗೊಂಡಿತು. 1949ರಲ್ಲಿ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಈ ಸೀಮೆ ಏಕೀಕೃತ ಕನ್ನಡ ನಾಡಿನಲ್ಲಿ ಸೇರಿತು.

ಮಹಾಜನರ ಕಾಲದಲ್ಲಿ ಮುಚ್ಚಿದ್ದ ಬಾಗಿಲನ್ನು ಎಲ್ಲರಿಗೂ ತೆರೆದ ಯತ್ನ ಕರ್ನಾಟಕದ 1983ರ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳ ಶಾಸನ. ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡ ಆ ಶಾಸನದಂತೆ 1987ರಲ್ಲಿ ಚುನಾವಣೆ ನಡೆಯಿತು. ಅಂದು ರಾಯಚೂರು ಜಿಲ್ಲೆಗೆ ಸೇರಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಳ್ಳಿಗಳಲ್ಲಿಯೂ ಮಂಡಲ ಪಂಚಾಯತಿಗಳು ಕೂಡಿದವು. ನಾಲ್ಕನೆಯ ಒಂದು ಭಾಗದ ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಐದು ವರ್ಷಗಳ ಅವಧಿ ಮುಗಿದಾಗ ಚುನಾವಣೆ ಬಾರದೆ ಆಡಳಿತಾಧಿಕಾರಿಗಳು ಬಂದರು. ಇಂತಹ ವಿಳಂಬಕ್ಕೆ ಅವಕಾಶವಿರಬಾರದೆಂದೇ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು, ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯತಕ್ಕದ್ದೆಂದು ವಿಧಿಸಿತು. ಆದಾಗ್ಯೂ 2016ರಲ್ಲಿ ಆಯ್ಕೆಯಾದ ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ತೀರಿದ ಬಳಿಕ, ಸದಸ್ಯರಿಲ್ಲದೆಯೇ ವರ್ಷಗಳು ಉರುಳಿದವು. ಕಟ್ಟಡವಿತ್ತು, ಫಲಕವಿತ್ತು, ಕಡತಗಳಿದ್ದವು. ಜನರು ಆರಿಸಿದವರು ಇರಲಿಲ್ಲ. ಕೆಲಸ ನಿಲ್ಲಲಿಲ್ಲವಾದ್ದರಿಂದ ಕೊರತೆ ಬಹುಮಂದಿಯ ಕಣ್ಣಿಗೆ ಬೀಳಲೂ ಇಲ್ಲ.

ರೋಮಿನಿಂದ ಕುಕನೂರಿನವರೆಗೆ ಈ ಇತಿಹಾಸ ತೋರುವ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಸಂಪತ್ತೂ ಹಣದ ಹಿಡಿತವೂ ಸಭೆಯ ಹೊರಗಿನವರ ಕೈಗೆ ಹೋಗುತ್ತವೆ. ಅನಂತರ ಸೇವಕನಾಗಿ ಬಂದವನು ಅನಿವಾರ್ಯನಾಗುತ್ತಾನೆ. ವಿಪತ್ತಿಗೆಂದು ಕೊಟ್ಟ ಅಧಿಕಾರ ವಾಡಿಕೆಯಾಗುತ್ತದೆ. ಕಡೆಯಲ್ಲಿ ಸದಸ್ಯರು ಹಾಜರಿ ಹಾಕಿ, ಸಿದ್ಧವಾದ ನಿರ್ಣಯಕ್ಕೆ ಸಹಿ ಮಾಡಿ, ಮನೆಗೆ ಹೋಗುತ್ತಾರೆ. ಯಾರೂ ಅಪರಾಧವೆಸಗಿದಂತೆ ಕಾಣುವುದಿಲ್ಲ. ಬಹುಸಂದರ್ಭಗಳಲ್ಲಿ ಒಬ್ಬನ ದಕ್ಷತೆಯೇ ಇದಕ್ಕೆ ನೆವವಾಗಿರುತ್ತದೆ; ಆಗಸ್ಟಸನು ದಕ್ಷನಲ್ಲವೆಂದು ಯಾರೂ ಹೇಳಲಾರರು. ಅವನ ತರುವಾಯ ಬಂದವರಲ್ಲಿ ಕಲಿಗುಲ, ನೀರೋ ಸಹ ಇದ್ದರು. ಅವರನ್ನು ತಡೆಯಲು ಸೆನೆಟಿನಲ್ಲಿ ಶಕ್ತಿ ಉಳಿದಿರಲಿಲ್ಲ.

ಈ ಮಾತು ರಾಜ್ಯಾಡಳಿತಕ್ಕೆ ಮಾತ್ರ ಅನ್ವಯಿಸತಕ್ಕದ್ದಲ್ಲ. ಗ್ರಾಮಪಂಚಾಯತಿ, ಸಹಕಾರ ಸಂಘ, ಗುಡಿಯ ಕಮಿಟಿ, ವಿದ್ಯಾಸಂಸ್ಥೆಯ ಆಡಳಿತ ಮಂಡಳಿ ಇವೆಲ್ಲಕ್ಕೂ ಅನ್ವಯಿಸುತ್ತದೆ. ಇವು ಜೀವಂತವಾಗಿವೆಯೋ ಹೆಸರಿಗಷ್ಟೇ ಇವೆಯೋ ಎಂಬುದನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು. ಲೆಕ್ಕ ಎಲ್ಲರೆದುರು ಓದಲ್ಪಡುತ್ತಿದೆಯೆ? ಒಪ್ಪದವನ ಮಾತು ನಡಾವಳಿಯಲ್ಲಿ ಬರೆಯಲ್ಪಡುತ್ತಿದೆಯೆ? ಅವಧಿ ಮುಗಿದವನು ಸ್ಥಾನ ಬಿಟ್ಟು ಏಳುತ್ತಾನೆಯೆ? ಇವಕ್ಕೆ ಹೌದೆಂಬ ಉತ್ತರ ದೊರೆಯುವಲ್ಲಿ ಸಭೆ ಬಡವಾಗಿದ್ದರೂ ಬದುಕಿದೆ.

ಮಹಾಜನರೆಂಬ ಪದ ಕನ್ನಡದಲ್ಲಿ ಅಳಿದಿಲ್ಲ. ಜಾತ್ರೆ, ಉತ್ಸವಗಳ ಆಮಂತ್ರಣಗಳಲ್ಲಿ ಊರ ಮಹಾಜನರನ್ನು ಆದರದಿಂದ ಕರೆಯುವ ರೂಢಿ ಉಳಿದುಬಂದಿದೆ. ಒಂದು ಕಾಲಕ್ಕೆ ಆ ಹೆಸರಿನವರು ಕೆರೆಯ ಏರಿಗೂ ದೀಪದ ಎಣ್ಣೆಗೂ ಓದುವ ಮಕ್ಕಳ ಅನ್ನಕ್ಕೂ ಉತ್ತರ ಹೇಳಬೇಕಾಗಿತ್ತು. ಅಂದಿನ ಸಭೆಯಲ್ಲಿ ಕೆಲವರಿಗೆ ಮಾತ್ರ ಇದ್ದ ಆಸನ ಇಂದು ಎಲ್ಲರದಾಗಿದೆ. ಆ ಹೊಣೆಯೂ ಎಲ್ಲರದಾದರೆ ಹಳೆಯ ಹೆಸರಿಗೆ ಹೊಸ ಹುರುಳು ಕೂಡೀತು.